ದೋಸೆಯ ಸಾಲ ತೀರಿಸೋಕೆ ಓಡ್ತಿದ್ದ ನಾನು: ಮೂರು ದಿನದ ರಜೆ, ಎರಡು ಓಟ, ಒಂದು ಬಸ್ಸಾರು

(ಈ ವಾರದ ಪಾಡ್‌ಕಾಸ್ಟ್ ಎಪಿಸೋಡ್‌ನ ಬರಹ ರೂಪ. ಓದೋಕೆ ಅನುಕೂಲವಾಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲೋ ಮೆಟ್ರೋದಲ್ಲೋ ಕೂತಿರೋರಿಗೆ, ಪಾತ್ರೆ ತೊಳೀತಾ ಕೇಳ್ತಿರೋರಿಗೆ, ಓಡ್ತಾ ಓಡ್ತಾ ಕೇಳ್ತಿರೋರಿಗೂ ಸ್ವಾಗತ. ಓಡ್ತಾ ಇರೋರು ಸ್ವಲ್ಪ ನಿಧಾನ ಮಾಡಿ. ಯಾಕೆ ಅಂತ ಮುಂದೆ ಹೇಳ್ತೀನಿ.

2025ರಲ್ಲಿ ಆಗಸ್ಟ್ 15 ಶುಕ್ರವಾರ ಬಂದಿತ್ತು. ಶನಿವಾರ, ಭಾನುವಾರ ಸೇರಿ ಮೂರು ದಿನ ರಜೆ. ಫ್ರೆಂಡ್ಸ್ ಗ್ರೂಪಲ್ಲಿ ಚಿಕ್ಕಮಗಳೂರು, ಕೂರ್ಗ್, ಸಕಲೇಶಪುರ ಅಂತ ಮೆಸೇಜ್ ಓಡಾಡ್ತಿತ್ತು. ನಾನು ಎಲ್ಲಿಗೂ ಹೋಗಲಿಲ್ಲ. ನಮ್ಮಮ್ಮ ಚನ್ನರಾಯಪಟ್ಟಣದಿಂದ ಗುರುವಾರ ರಾತ್ರಿ ಬಸ್ಸಿಗೆ ಬಂದಿಳಿದ್ರು. ಒಂದು ಚೀಲದಲ್ಲಿ ರಾಗಿ ಹಿಟ್ಟು, ಇನ್ನೊಂದರಲ್ಲಿ ಹುರುಳಿಕಾಳು, ಎರಡು ತೆಂಗಿನಕಾಯಿ. ಬೆಂಗಳೂರಲ್ಲಿ ಇದ್ಯಾವುದೂ ಸಿಗಲ್ಲ ಅಂತ ಅವರ ನಂಬಿಕೆ.

ಆ ಮೂರು ದಿನದ ಕಥೆ ಹೇಳ್ತಾ, ಓಟ ಮತ್ತು ಊಟದ ಬಗ್ಗೆ ನಾನು ವರ್ಷಗಟ್ಟಲೆ ತಪ್ಪು ತಿಳ್ಕೊಂಡಿದ್ದ ಒಂದು ವಿಷಯ ಹೇಳಬೇಕು ಅಂತಿದೀನಿ. ಅದಕ್ಕೂ ಮೊದಲು ಒಂದು ಹಿನ್ನೆಲೆ.

ನಮ್ಮಪ್ಪ 51ನೇ ವಯಸ್ಸಿಗೆ ಹೃದಯಾಘಾತದಿಂದ ಹೋದ್ರು. ಆರು ವರ್ಷ ಆಯ್ತು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರಿಗೆ 46 ವರ್ಷ. ಆ ದಿನ ಅಮ್ಮ ಟಿವಿ ಮುಂದಿನಿಂದ ಏಳಲಿಲ್ಲ. ಆಮೇಲೆ 2025ರ ಜೂನ್, ಜುಲೈಯಲ್ಲಿ ನಮ್ಮ ಹಾಸನ ಜಿಲ್ಲೆಯಲ್ಲಿ ಚಿಕ್ಕ ವಯಸ್ಸಿನವರ ಹೃದಯಾಘಾತದ ಸುದ್ದಿ ದಿನಾ ಬರೋಕೆ ಶುರುವಾಯ್ತಲ್ಲ, ನೆನಪಿದೆಯಾ? ಜಯದೇವ ಆಸ್ಪತ್ರೆ ಮುಂದೆ ಬೆಳಗಿನ ಜಾವಕ್ಕೇ ಕ್ಯೂ. ಸರ್ಕಾರ ತಜ್ಞರ ಸಮಿತಿ ಮಾಡಿ ವರದಿ ತರಿಸ್ತು. ಸಾವುಗಳ ಸಂಖ್ಯೆಯಲ್ಲಿ ಅಸಹಜ ಏರಿಕೆ ಇಲ್ಲ ಅಂತ ವರದಿ ಬಂತು. ಆದ್ರೆ ಭಯ ವರದಿ ಓದಲ್ಲ. ಅಮ್ಮನ ತಲೆಯಲ್ಲಿ ಒಂದೇ ಒಂದು ಸಾಲು ಕೂತುಬಿಟ್ಟಿತ್ತು: ಜಿಮ್ಮು, ಓಟ ಅಂತ ಹೋದೋರು ಬೀಳ್ತಾರೆ.

ಹಾಗಾಗಿ ನಾನು ಓಡ್ತೀನಿ ಅನ್ನೋದನ್ನೇ ಅವರಿಗೆ ಹೇಳಿರಲಿಲ್ಲ. ಎರಡು ವರ್ಷದಿಂದ.

ಶುಕ್ರವಾರ ಬೆಳಗ್ಗೆ ಐದೂವರೆಗೆ ಎದ್ದು, ಸದ್ದಿಲ್ಲದೆ ಶೂ ಹಾಕ್ಕೋತಿದ್ದೆ. ಹಿಂದಿನಿಂದ ದನಿ ಬಂತು. "ಎಲ್ಲಿಗವ್ವ ಇಷ್ಟೊತ್ತಿಗೆ?"

"ವಾಕಿಂಗಮ್ಮ."

"ವಾಕಿಂಗಿಗೆ ಅಂಥ ಶೂ ಯಾಕೆ?"

ಸಿಕ್ಕಿಬಿದ್ದೆ. ಹೇಳಿದೆ. ಅಮ್ಮ ಬೈಯಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. ಸುಮ್ಮನೆ ಮಂಚದ ಮೇಲೆ ಕೂತು, "ನಿಮ್ಮಪ್ಪನೂ ಹಿಂಗೇ, ಏನೂ ಹೇಳ್ತಿರಲಿಲ್ಲ" ಅಂದ್ರು. ಐದು ನಿಮಿಷ ಬಿಟ್ಟು, "ನಾನೂ ಬತ್ತೀನಿ, ನೀನು ಹೆಂಗೆ ಓಡ್ತೀಯ ನೋಡ್ಬೇಕು" ಅಂತ ಚಪ್ಪಲಿ ಹಾಕ್ಕೊಂಡ್ರು.

ಸರಿ, ಇಬ್ಬರೂ ಲಾಲ್‌ಬಾಗ್ ವೆಸ್ಟ್ ಗೇಟ್ ಕಡೆ ಹೊರಟ್ವಿ. ಸ್ವಾತಂತ್ರ್ಯೋತ್ಸವದ ಫಲಪುಷ್ಪ ಪ್ರದರ್ಶನ ನಡೀತಿರೋ ಸಮಯ. ಹತ್ತು ಗಂಟೆ ಮೇಲೆ ಅಲ್ಲಿ ಕಾಲಿಡೋಕೂ ಜಾಗ ಇರಲ್ಲ. ಬೆಳಗ್ಗೆ ಆರರ ಹೊತ್ತಿಗೆ ಮಾತ್ರ ಅದೇ ಹಳೇ ಲಾಲ್‌ಬಾಗು: ಸ್ವೆಟರ್ ಹಾಕ್ಕೊಂಡ ಹಿರಿಯರು, ನಗೆಕೂಟದ ಹಹಹ, ಕೆರೆ ಕಡೆಯಿಂದ ತಣ್ಣನೆ ಗಾಳಿ. ಅಮ್ಮನ್ನ ಕೆಂಪೇಗೌಡರ ಗೋಪುರ ಇರೋ ಬಂಡೆ ಹತ್ರ ಬಿಟ್ಟೆ. ಆ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಬೋರ್ಡೇ ಇದೆ. ಅಮ್ಮ ಅದರ ಮೇಲೆ ಆರಾಮಾಗಿ ಕೂತು, "ಹೋಗು, ನೋಡ್ತಿರ್ತೀನಿ" ಅಂದ್ರು.

ಈಗ ವಿಷಯಕ್ಕೆ ಬರ್ತೀನಿ. ಆವತ್ತು ನಾನು ಓಡಿದ್ದು 5 ಕಿಲೋಮೀಟರ್, ತಗೊಂಡಿದ್ದು 42 ನಿಮಿಷ. ಓಡೋರು ಯಾರಾದ್ರೂ ಕೇಳ್ತಿದ್ರೆ ನಗ್ತಾರೆ, ಇದು ಓಟಾನಾ ಅಂತ. ಬೇಗ ಬೇಗ ನಡೆಯೋ ಅಂಕಲ್ ಒಬ್ಬರು ನನಗೆ ಪೈಪೋಟಿ ಕೊಟ್ರು, ನಿಜ. ಆದ್ರೆ ಇದು ಬೇಕಂತಲೇ ಮಾಡಿದ ನಿಧಾನ.

ನಿಧಾನ ಓಟಕ್ಕೆ ಅಳತೆ ಏನು? ವಾಚ್ ಬೇಡ, ಬಾಯಿ ಸಾಕು. ಓಡ್ತಾ ಓಡ್ತಾ ಪೂರ್ತಿ ಒಂದು ವಾಕ್ಯ ಮಾತಾಡೋಕೆ ಆಗ್ಬೇಕು. "ಅಮ್ಮ ನಾನು ಇನ್ನೊಂದು ಸುತ್ತು ಹಾಕ್ಕೊಂಡು ಬರ್ತೀನಿ, ನೀನು ಇಲ್ಲೇ ಇರು" ಅನ್ನೋದನ್ನ ನಡುವೆ ಉಸಿರಿಗೆ ನಿಲ್ಲದೆ ಹೇಳೋಕಾದ್ರೆ ಸರಿಯಾದ ವೇಗ. "ಅಮ್ಮ... ನಾನು... ಇನ್ನೊಂದು" ಅಂತ ಬಂದ್ರೆ ಜಾಸ್ತಿ ಆಯ್ತು. ಇದಕ್ಕೆ ಟಾಕ್ ಟೆಸ್ಟ್ ಅಂತಾರೆ. ಕೇಳೋಕೆ ಅಜ್ಜಿ ಉಪಾಯದ ಥರ ಇದೆ, ಆದ್ರೆ ತರಬೇತುದಾರರು, ವೈದ್ಯರು ನಿಜವಾಗ್ಲೂ ಬಳಸೋ ಅಳತೆ.

ಯಾಕೆ ಕೆಲಸ ಮಾಡುತ್ತೆ ಅಂದ್ರೆ, ನಿಧಾನವಾಗಿ ಓಡೋವಾಗ ಸ್ನಾಯುಗಳಿಗೆ ಬೇಕಾದ ಆಮ್ಲಜನಕವನ್ನ ಹೃದಯ, ಶ್ವಾಸಕೋಶ ಆರಾಮಾಗಿ ಪೂರೈಸ್ತವೆ. ದೇಹ ಕೊಬ್ಬು ಮತ್ತು ಸಕ್ಕರೆ ಎರಡನ್ನೂ ಉರಿಸುತ್ತೆ. ವೇಗ ಜಾಸ್ತಿ ಮಾಡಿದಂತೆಲ್ಲ ಸಕ್ಕರೆ ಮೇಲೆ ಅವಲಂಬನೆ ಹೆಚ್ಚಾಗುತ್ತೆ, ಉಸಿರು ಏರುತ್ತೆ, ಮಾತು ತುಂಡಾಗುತ್ತೆ. ವಾರಗಟ್ಟಲೆ ನಿಧಾನ ಓಡಿದ್ರೆ ಹೃದಯ ಒಂದೊಂದು ಬಡಿತಕ್ಕೆ ಹೆಚ್ಚು ರಕ್ತ ಪಂಪ್ ಮಾಡೋಕೆ ಕಲಿಯುತ್ತೆ, ಸ್ನಾಯುಗಳಲ್ಲಿ ಸಣ್ಣ ಸಣ್ಣ ರಕ್ತನಾಳಗಳು ಹೆಚ್ಚಾಗ್ತವೆ. ದೊಡ್ಡ ದೊಡ್ಡ ಓಟಗಾರರು ಕೂಡ ತಮ್ಮ ತರಬೇತಿಯ ಬಹುಪಾಲನ್ನ ಹೀಗೇ, ಅವರ ಮಟ್ಟಿಗೆ ನಿಧಾನವಾಗೇ ಓಡ್ತಾರೆ. ನಾವು ಮಾತ್ರ ಮೊದಲನೇ ದಿನವೇ ರೀಲ್ಸ್ ನೋಡಿ ಸ್ಪ್ರಿಂಟ್ ಹೊಡೀತೀವಿ.

ಅಮ್ಮನ ಭಯದಲ್ಲಿ ಒಂದು ಚೂರು ನಿಜ ಇರೋದು ಇಲ್ಲೇ. ಜೋರಾದ ಶ್ರಮದ ಹೊತ್ತಲ್ಲಿ ಹೃದಯಾಘಾತದ ಅಪಾಯ ಸ್ವಲ್ಪ ಹೊತ್ತಿನ ಮಟ್ಟಿಗೆ ಏರುತ್ತೆ, ಅದು ಸುಳ್ಳಲ್ಲ. ಆದ್ರೆ ಆ ಏರಿಕೆ ಅತಿ ಹೆಚ್ಚು ಇರೋದು ಯಾವತ್ತೂ ವ್ಯಾಯಾಮ ಮಾಡದೆ ಇದ್ದು ಒಂದು ದಿನ ಏಕಾಏಕಿ ಜೋರಾಗಿ ಮೈ ದಂಡಿಸೋರಲ್ಲಿ. ನಿಯಮಿತವಾಗಿ ಮಾಡೋರಲ್ಲಿ ಆ ಏರಿಕೆ ತುಂಬಾ ಕಡಿಮೆ, ಮತ್ತು ಒಟ್ಟಾರೆ ಲೆಕ್ಕದಲ್ಲಿ ಅವರ ಹೃದಯಕ್ಕೆ ಲಾಭವೇ. ಹಾಗಾಗಿ "ಓಡಬೇಡ" ಅನ್ನೋದಕ್ಕಿಂತ "ಏಕಾಏಕಿ ಓಡಬೇಡ" ಅನ್ನೋದು ಸರಿಯಾದ ಮಾತು. ಅಮ್ಮನಿಗೆ ಇದನ್ನ ಬಂಡೆ ಮೇಲೆ ಕೂತು ವಿವರಿಸಿದೆ. "ಡಾಕ್ಟ್ರು ಹೇಳಿದ್ರಾ, ಮೊಬೈಲು ಹೇಳ್ತಾ?" ಅಂದ್ರು.

ಡಾಕ್ಟ್ರೇ ಹೇಳಿದ್ದು. ಅದು ಹೇಗೆ ಗೊತ್ತಾಯ್ತು ಅನ್ನೋದು ನನ್ನ ಮೂರ್ಖತನದ ಕಥೆ.

ಎರಡು ವರ್ಷದ ಹಿಂದೆ ಓಡೋಕೆ ಶುರು ಮಾಡಿದಾಗ ಫೋನಿಗೆ ಒಂದು ಕ್ಯಾಲೊರಿ ಆ್ಯಪ್ ಹಾಕ್ಕೊಂಡಿದ್ದೆ. ತಿಂದಿದ್ದೆಲ್ಲ ಖರ್ಚು, ಓಡಿದ್ದೆಲ್ಲ ಜಮಾ. ಬ್ಯಾಂಕ್ ಪಾಸ್‌ಬುಕ್ ಥರ. ಒಂದು ಮಸಾಲೆ ದೋಸೆ ತಿಂದ್ರೆ ಸಾಲ, ಓಡಿದ್ರೆ ತೀರ್ತು. ಒಂದ್ಸಲ ಕಸಿನ್ ಮದುವೆ. ಬೀಗರ ಊಟ, ಎರಡು ದಿನ ಚೆನ್ನಾಗಿ ತಿಂದೆ. ಮಾರನೇ ದಿನ ಆ್ಯಪ್ ಕೆಂಪು ಬಣ್ಣ ತೋರಿಸ್ತಿತ್ತು. ಬೆಳಗ್ಗೆ ಏನೂ ತಿನ್ನದೆ, ಮಧ್ಯಾಹ್ನಾನೂ ಏನೂ ತಿನ್ನದೆ, ಸಂಜೆ ಹೋಗಿ 10 ಕಿಲೋಮೀಟರ್ ಜೋರಾಗಿ ಓಡಿದೆ. ಏಳನೇ ಕಿಲೋಮೀಟರಲ್ಲಿ ಕಣ್ಣು ಕತ್ತಲಾಗಿ ಫುಟ್‌ಪಾತ್ ಮೇಲೆ ಕೂತುಬಿಟ್ಟೆ. ಎಳನೀರು ಮಾರೋರು ಒಬ್ಬರು ಓಡಿ ಬಂದು ಎಳನೀರು ಕುಡಿಸಿ, ದುಡ್ಡು ಬೇಡ ಅಂದ್ರು. ಆ ಹತ್ತು ನಿಮಿಷ ನನ್ನ ತಲೆಯಲ್ಲಿ ಇದ್ದಿದ್ದು ಅಪ್ಪ ಮಾತ್ರ.

ಮಾರನೇ ದಿನ ಹೃದ್ರೋಗ ತಜ್ಞರ ಹತ್ರ ಹೋದೆ. ಇಸಿಜಿ, ಬಿಪಿ, ರಕ್ತ ಪರೀಕ್ಷೆ, ಟ್ರೆಡ್‌ಮಿಲ್ ಟೆಸ್ಟ್. ಹೃದಯ ಸರಿ ಇತ್ತು. ಕೆಟ್ಟ ಕೊಲೆಸ್ಟ್ರಾಲ್ ಅಂತೀವಲ್ಲ, ಎಲ್‌ಡಿಎಲ್, ಅದು ಇರಬೇಕಾದ್ದಕ್ಕಿಂತ ಸ್ವಲ್ಪ ಮೇಲಿತ್ತು. ಡಾಕ್ಟ್ರು ಆ್ಯಪ್ ನೋಡಿ ನಕ್ಕು, "ಓಡಮ್ಮ, ಓಡು. ನಿಧಾನವಾಗಿ ಓಡು, ತಿಂದು ಓಡು. ಇದನ್ನ ಡಿಲೀಟ್ ಮಾಡು" ಅಂದ್ರು.

ಆ ಲೆಕ್ಕ ಯಾಕೆ ತಪ್ಪು ಅಂತ ಆಮೇಲೆ ಓದ್ತಾ ಹೋದೆ. ಓಟದ ಮೋಟಾ ಲೆಕ್ಕ ಸುಲಭ: ಒಂದು ಕಿಲೋಮೀಟರಿಗೆ, ದೇಹದ ಒಂದು ಕೆಜಿ ತೂಕಕ್ಕೆ ಸುಮಾರು 1 ಕ್ಯಾಲೊರಿ. ನಾನು 60 ಕೆಜಿ. 5 ಕಿಲೋಮೀಟರ್ ಓಡಿದ್ರೆ ಸುಮಾರು 300. ಜೋರಾಗಿ ಓಡಿದ್ರೂ, ನಿಧಾನಕ್ಕೆ ಓಡಿದ್ರೂ ಇದರಲ್ಲಿ ದೊಡ್ಡ ವ್ಯತ್ಯಾಸ ಇಲ್ಲ, ದೂರವೇ ಮುಖ್ಯ. ಅಂದ್ರೆ ನಾನು ಸುಸ್ತಾಗಿ ಬೀಳೋ ಹಾಗೆ ಓಡಿ ಗಳಿಸಿದ್ದು ಹೆಚ್ಚೇನೂ ಇಲ್ಲ.

ಕೈಗೆ ಕಟ್ಟೋ ವಾಚ್ ಲೆಕ್ಕ ಇನ್ನೂ ಮಜಾ. 2017ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಏಳು ಥರದ ವಾಚ್, ಬ್ಯಾಂಡ್‌ಗಳನ್ನ ಪರೀಕ್ಷೆ ಮಾಡಿದ್ರು. ಹೃದಯ ಬಡಿತ ಹೆಚ್ಚುಕಮ್ಮಿ ಸರಿ ತೋರಿಸ್ತಿದ್ವು. ಕ್ಯಾಲೊರಿಯಲ್ಲಿ ಮಾತ್ರ ಎಲ್ಲಕ್ಕಿಂತ ನಿಖರವಾಗಿದ್ದದ್ದೂ ಸರಾಸರಿ 27 ಪರ್ಸೆಂಟ್ ತಪ್ಪು. ಖರ್ಚಿನ ಕಡೆಯ ಕಥೆಯೂ ಅಷ್ಟೇ. ದೋಸೆಗೆ ಎಷ್ಟು ಎಣ್ಣೆ ಬಿದ್ದಿದೆ, ಪಲ್ಯ ಎಷ್ಟಿದೆ ಅಂತ ಆ್ಯಪಿಗೇನು ಗೊತ್ತು? ಗಾಂಧಿ ಬಜಾರಿನ ದೋಸೆಗೂ ದಾವಣಗೆರೆ ಬೆಣ್ಣೆ ದೋಸೆಗೂ ಒಂದೇ ನಂಬರ್ ಹಾಕಿದ್ರೆ ಎರಡು ಊರಿಗೂ ಅವಮಾನ.

ಇದಕ್ಕಿಂತ ದೊಡ್ಡ ವಿಷಯ ಇನ್ನೊಂದು. ಹರ್ಮನ್ ಪಾಂಟ್ಜರ್ ಅನ್ನೋ ವಿಜ್ಞಾನಿ ಮತ್ತು ಅವರ ಜೊತೆಗಾರರು ತಾಂಜಾನಿಯಾದ ಹಾಡ್ಜಾ ಜನರ ಬಗ್ಗೆ 2012ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ರು. ಹಾಡ್ಜಾ ಜನ ಬೇಟೆ, ಗೆಡ್ಡೆಗೆಣಸು, ಜೇನು ಅಂತ ದಿನಾ ಕಿಲೋಮೀಟರುಗಟ್ಟಲೆ ನಡೆಯೋರು. ಅವರು ದಿನಕ್ಕೆ ಉರಿಸೋ ಒಟ್ಟು ಕ್ಯಾಲೊರಿ, ದೇಹದ ಗಾತ್ರ ಲೆಕ್ಕಕ್ಕೆ ತಗೊಂಡ್ರೆ, ಕುರ್ಚಿ ಮೇಲೆ ಕೂತು ಕೆಲಸ ಮಾಡೋ ಪಾಶ್ಚಾತ್ಯರಷ್ಟೇ ಇತ್ತು! ಪಾಂಟ್ಜರ್ ವಾದ ಏನಪ್ಪಾ ಅಂದ್ರೆ, ನಾವು ಹೆಚ್ಚು ಶ್ರಮ ಹಾಕಿದ್ರೆ ದೇಹ ಬೇರೆ ಕಡೆ ಖರ್ಚು ಕಡಿಮೆ ಮಾಡಿ ಸರಿದೂಗಿಸುತ್ತೆ. ಎಷ್ಟರ ಮಟ್ಟಿಗೆ ಅನ್ನೋದರಲ್ಲಿ ವಿಜ್ಞಾನಿಗಳಲ್ಲಿ ಇನ್ನೂ ಚರ್ಚೆ ಇದೆ. ಆದ್ರೆ ಪಾಸ್‌ಬುಕ್ ಥರದ ಸರಳ ಜಮಾ-ಖರ್ಚು ದೇಹದಲ್ಲಿ ನಡೆಯಲ್ಲ ಅನ್ನೋದಂತೂ ಸ್ಪಷ್ಟ. ಓಟ ಹೃದಯಕ್ಕೆ, ಬಿಪಿಗೆ, ರಕ್ತದ ಸಕ್ಕರೆಗೆ, ನಿದ್ದೆಗೆ, ಮನಸ್ಸಿಗೆ ಒಳ್ಳೇದು. ದೋಸೆಯ ಪಾಪ ತೊಳೆಯೋಕೆ ಅದು ಗಂಗಾಸ್ನಾನ ಅಲ್ಲ.

ಲಾಲ್‌ಬಾಗಿಂದ ಹೊರಗೆ ಬಂದ್ವಿ. ಅಮ್ಮನಿಗೆ ವಿದ್ಯಾರ್ಥಿ ಭವನದ ದೋಸೆ ತಿನ್ನೋ ಆಸೆ, ಮದುವೆಯಾದ ಹೊಸತರಲ್ಲಿ ಅಪ್ಪ ಕರ್ಕೊಂಡು ಹೋಗಿದ್ರಂತೆ. ಗಾಂಧಿ ಬಜಾರ್ ಕಡೆ ತಿರುಗಿದ ಮೇಲೆ ನೆನಪಾಯ್ತು, ಶುಕ್ರವಾರ ಅವರಿಗೆ ರಜೆ. ಸರಿ ಅಂತ ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರಿಗೆ ಹೋದ್ವಿ. 1965ರಿಂದ ಇರೋ ಪುಟ್ಟ ಜಾಗ. ಕೂರೋಕೆ ಟೇಬಲ್ ಇಲ್ಲ, ಸಾಂಬಾರ್ ಇಲ್ಲ. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ. ಚಟ್ನಿ ಮಾತ್ರ ಎಷ್ಟು ಸಲ ಕೇಳಿದ್ರೂ ಹಾಕ್ತಾರೆ. ರಸ್ತೆ ಬದಿ ನಿಂತು ಇಡ್ಲಿ ತಿಂತಾ ಅಮ್ಮ ಕೇಳಿದ್ರು, "ಓಡಿ ಬಂದ ತಕ್ಷಣ ತಿನ್ಬೋದಾ?"

ಒಳ್ಳೆ ಪ್ರಶ್ನೆ. ಓಟದ ಮೊದಲು ಹೊಟ್ಟೆ ತುಂಬಾ ತಿಂದಿದ್ರೆ ಎರಡು ಮೂರು ಗಂಟೆ ಬಿಡಬೇಕು. ಇಲ್ಲಾಂದ್ರೆ ಹೊಟ್ಟೆ ಹಿಡ್ಕೊಳುತ್ತೆ, ಯಾಕಂದ್ರೆ ಓಡೋವಾಗ ರಕ್ತ ಕಾಲಿನ ಸ್ನಾಯುಗಳ ಕಡೆ ಹರಿಯುತ್ತೆ, ಜೀರ್ಣಕ್ಕೆ ಕಡಿಮೆಯಾಗುತ್ತೆ. ಒಂದು ಬಾಳೆಹಣ್ಣು ಆದ್ರೆ ಅರ್ಧ ಗಂಟೆ ಮೊದಲು ತಿಂದ್ರೂ ನಡೆಯುತ್ತೆ. ಓಡಿದ ಮೇಲೆ, ಉಸಿರು ತಣ್ಣಗಾದ ಮೇಲೆ, ಆರಾಮಾಗಿ ತಿನ್ನಬಹುದು. ಒಂದು ಗಂಟೆಯೊಳಗಿನ ಓಟಕ್ಕೆ ಜೆಲ್, ಎನರ್ಜಿ ಡ್ರಿಂಕ್ ಯಾವುದೂ ಬೇಡ, ನೀರು ಸಾಕು. ನಮ್ಮ ಸ್ನಾಯು ಮತ್ತು ಯಕೃತ್ತಿನಲ್ಲಿ ಗ್ಲೈಕೋಜೆನ್ ರೂಪದಲ್ಲಿ 400-500 ಗ್ರಾಂ ಸಕ್ಕರೆ ಶೇಖರಣೆ ಇರುತ್ತೆ. ಒಂದೂವರೆ ಗಂಟೆಯ ಓಟದವರೆಗೆ ಅದೇ ಧಾರಾಳ. ಪೌಚಿಗೆ ನೂರಾರು ರೂಪಾಯಿ ಕೊಟ್ಟು ಜೆಲ್ ಹೀರಿ ಪಾರ್ಕಲ್ಲಿ ಎರಡು ಸುತ್ತು ಹಾಕೋರನ್ನ ನೋಡಿದ್ರೆ ನಂಗೆ ಅಯ್ಯೋ ಅನ್ಸುತ್ತೆ. ನಾನೂ ಮಾಡಿದೀನಿ, ಅದಕ್ಕೇ.

ಶನಿವಾರ ಓಡಲಿಲ್ಲ. ಕೃಷ್ಣ ಜನ್ಮಾಷ್ಟಮಿ. ಮೇಲಿನ ಮನೆಯವರು ಚಕ್ಕುಲಿ, ಕೋಡುಬಳೆ ಕೊಟ್ಟು ಹೋದ್ರು. ಕಾಲು ಸ್ವಲ್ಪ ಹಿಡ್ಕೊಂಡಿತ್ತು. ಓಡಿದ ದಿನಕ್ಕಿಂತ ಮಾರನೇ ದಿನ, ಅದರ ಮಾರನೇ ದಿನ ನೋವು ಜಾಸ್ತಿ ಇರುತ್ತೆ, ಗಮನಿಸಿದೀರಾ? ಶ್ರಮದಲ್ಲಿ ಸ್ನಾಯುವಿನ ಎಳೆಗಳಲ್ಲಿ ಆಗೋ ಸೂಕ್ಷ್ಮ ಗಾಯಗಳನ್ನ ದೇಹ ರಿಪೇರಿ ಮಾಡೋ ಹೊತ್ತು ಅದು. ಒಂದರಿಂದ ಮೂರು ದಿನ ಇರುತ್ತೆ. ಆ ರಿಪೇರಿಯಲ್ಲೇ ಸ್ನಾಯು ಗಟ್ಟಿಯಾಗೋದು, ಹಾಗಾಗಿ ರಜೆ ಅನ್ನೋದು ಅಭ್ಯಾಸದ ಭಾಗ, ಸೋಮಾರಿತನ ಅಲ್ಲ. ಇದನ್ನ ನನ್ನ ಮ್ಯಾನೇಜರಿಗೆ ಯಾರಾದ್ರೂ ಹೇಳಿ.

ರಿಪೇರಿಗೆ ಬೇಕಾದ ಸಾಮಾನು ಅಮ್ಮನ ಚೀಲದಲ್ಲೇ ಇತ್ತು. ಹಿಂದಿನ ರಾತ್ರಿಯೇ ಹುರುಳಿಕಾಳು ನೆನೆ ಹಾಕಿದ್ರು. ಬೆಳಗ್ಗೆ ನನ್ನನ್ನ ದಂಟಿನ ಸೊಪ್ಪು ತರೋಕೆ ಕಳಿಸಿದ್ರು. ಬಸ್ಸಾರು ಮಾಡೋ ದಿನ.

ಬಸ್ಸಾರು ಗೊತ್ತಿಲ್ಲದೋರಿಗೆ, ಗೊತ್ತಿಲ್ಲದೆ ಹೇಗೆ ಇಷ್ಟು ದಿನ ಬದುಕಿದ್ರಿ ಅಂತ ಮೊದಲು ಕೇಳಿ, ಆಮೇಲೆ ಹೇಳ್ತೀನಿ. ಬಸಿದ ಸಾರು, ಬಸ್ಸಾರು. ಕಾಳನ್ನ ಮೆತ್ತಗಾಗೋವರೆಗೆ ಬೇಯಿಸಿ, ಕೊನೆಗೆ ಸೊಪ್ಪು ಹಾಕಿ ಇನ್ನೊಂದು ಕುದಿ. ಆಮೇಲೆ ಎಲ್ಲವನ್ನೂ ಬಸಿಯಬೇಕು. ಕೆಳಗೆ ಇಳಿದ ನೀರೇ ಕಟ್ಟು. ಅದನ್ನ ಯಾವ ಕಾರಣಕ್ಕೂ ಚೆಲ್ಲಬಾರದು, ಸಾರಿನ ಜೀವ ಅದು. ಬಾಣಲೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಜೀರಿಗೆ, ನಾಲ್ಕು ಕಾಳು ಮೆಣಸು ಹುರಿದು, ಕಾಯಿತುರಿ, ಹುಣಸೆಹಣ್ಣು, ಕೊತ್ತಂಬರಿ ಸೊಪ್ಪು ಸೇರಿಸಿ ರುಬ್ಬೋದು. ರುಬ್ಬೋವಾಗ ಬೆಂದ ಕಾಳು-ಸೊಪ್ಪಿನಲ್ಲಿ ಒಂದು ಹಿಡಿ ಹಾಕಬೇಕು, ಸಾರಿಗೆ ಮಂದ ಬರೋದು ಅದರಿಂದಲೇ. ಇದನ್ನ ಕಟ್ಟಿಗೆ ಬೆರೆಸಿ ಕುದಿಸಿದ್ರೆ ಸಾರು. ಉಳಿದ ಕಾಳು-ಸೊಪ್ಪಿಗೆ ಸಾಸಿವೆ, ಕರಿಬೇವು, ಈರುಳ್ಳಿ ಒಗ್ಗರಣೆ, ಮೇಲೆ ಕಾಯಿತುರಿ. ಅದು ಪಲ್ಯ. ಒಂದೇ ಬೇಯಿಸೋದರಲ್ಲಿ ಎರಡು ಅಡುಗೆ.

ನಾನು ಮಿಕ್ಸಿ ಬಟನ್ ಒತ್ತೋ ಕೆಲಸ ಮಾತ್ರ ಮಾಡಿದೆ. ಮುದ್ದೆ ನಾನು ಮಾಡ್ತೀನಿ ಅಂತ ಹಠ ಹಿಡಿದೆ. ನೀರು ಕುದಿ ಬರೋವಾಗ ಒಂದು ಚಮಚ ಹಿಟ್ಟು ಕದಡಿ ಹಾಕಿ, ಆಮೇಲೆ ಉಳಿದ ಹಿಟ್ಟನ್ನ ನಡುವೆ ಗುಡ್ಡೆಯಾಗಿ ಸುರಿದು, ಅಲುಗಿಸದೆ ಸಣ್ಣ ಉರಿಯಲ್ಲಿ ಬೇಯೋಕೆ ಬಿಟ್ಟು, ಆಮೇಲೆ ಮುದ್ದೆ ಕೋಲಿನಿಂದ ತೊಳಸಬೇಕು. ನಾನು ಅವಸರ ಮಾಡಿ ಬೇಯೋಕೆ ಮುಂಚೆನೇ ತೊಳಸಿದೆ. ಗಂಟೋ ಗಂಟು. ಅಮ್ಮ ಪಾತ್ರೆಯನ್ನ ಎರಡು ಕಾಲಿನ ನಡುವೆ ಹಿಡ್ಕೊಂಡು, ಕೋಲು ತಗೊಂಡು ಎರಡೇ ನಿಮಿಷದಲ್ಲಿ ಸರಿ ಮಾಡಿದ್ರು. "ಓಟಕ್ಕೆ ನಿಧಾನ ಬೇಕು ಅಂತಿದ್ದೆ, ಹಿಟ್ಟಿಗೆ ಬ್ಯಾಡ್ವಾ?"

ತಿಂತಾ ತಿಂತಾ ಸ್ವಲ್ಪ ಲೆಕ್ಕ. ಈ ಸಲ ಕ್ಯಾಲೊರಿ ಅಲ್ಲ. 100 ಗ್ರಾಂ ಹುರುಳಿಕಾಳಿನಲ್ಲಿ ಸುಮಾರು 22 ಗ್ರಾಂ ಪ್ರೋಟೀನ್, ಅಷ್ಟೇ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ. ಓಡೋರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ ಇನ್ನೊಂದು ವಿಷಯ: ಕಬ್ಬಿಣದ ಅಂಶ. ನಮ್ಮಲ್ಲಿ ರಕ್ತಹೀನತೆ ತುಂಬಾ ಸಾಮಾನ್ಯ. ಅದಿದ್ರೆ ಎಷ್ಟು ತರಬೇತಿ ಮಾಡಿದ್ರೂ ಉಸಿರು ಸಾಲಲ್ಲ, ಯಾಕಂದ್ರೆ ಆಮ್ಲಜನಕ ಹೊರೋ ಹಿಮೋಗ್ಲೋಬಿನ್ನೇ ಕಮ್ಮಿ. ಸೊಪ್ಪು, ಕಾಳಿನ ಕಬ್ಬಿಣ ದೇಹಕ್ಕೆ ಸುಲಭವಾಗಿ ಸೇರಲ್ಲ. ಜೊತೆಗೆ ನಿಂಬೆಹಣ್ಣು ಹಿಂಡ್ಕೊಂಡ್ರೆ ಅದರ ವಿಟಮಿನ್ ಸಿಯಿಂದ ಹೆಚ್ಚು ಸೇರುತ್ತೆ. ಊಟ ಆದ ತಕ್ಷಣ ಕಾಫಿ, ಟೀ ಕುಡಿದ್ರೆ ಕಡಿಮೆ ಸೇರುತ್ತೆ. ಒಂದು ಗಂಟೆ ಬಿಟ್ಟು ಕುಡೀರಿ. ನನಗೆ ಇದು ಪಾಲಿಸೋಕೆ ಆಗೋದೇ ಕಷ್ಟ, ಊಟ ಆದ ಮೇಲೆ ಕಾಫಿ ಇಲ್ಲದಿದ್ರೆ ಊಟ ಮುಗಿದ ಹಾಗೇ ಅನಿಸಲ್ಲ.

ಮನೆ ಅಡುಗೆಯಲ್ಲಿ ಇನ್ನೊಂದು ಅನುಕೂಲ ಉಪ್ಪು. ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದ್ರೆ ಒಂದು ಟೀ ಚಮಚಕ್ಕಿಂತ ಕಡಿಮೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಹೊರಗೆ ತಿಂದ್ರೆ ಎಷ್ಟು ಬಿದ್ದಿದೆ ಅಂತ ಗೊತ್ತಾಗಲ್ಲ, ಮನೆಯಲ್ಲಿ ಗೊತ್ತಾಗುತ್ತೆ. ಇದನ್ನ ಹೇಳೋ ಹೊತ್ತಿಗೆ ಅಮ್ಮ ತಟ್ಟೆಗೆ ಎರಡನೇ ಸಲ ಉಪ್ಪಿನಕಾಯಿ ಹಾಕ್ಕೊಂಡಿದ್ರು. ನಾನು ನೋಡಿದೆ, ಏನೂ ಹೇಳಲಿಲ್ಲ. ಹೇಳಬೇಕಿತ್ತು.

ಭಾನುವಾರ ಕಬ್ಬನ್ ಪಾರ್ಕ್. ಭಾನುವಾರ ಒಳಗಿನ ರಸ್ತೆಗಳಲ್ಲಿ ವಾಹನ ಬಿಡಲ್ಲ. ಹಾರ್ನ್ ಇಲ್ಲದ ಬೆಂಗಳೂರು ಹೇಗಿರುತ್ತೆ ಅಂತ ನೋಡೋಕೆ ಅದೊಂದೇ ಜಾಗ ಇರಬೇಕು. ಆಟೋದಲ್ಲಿ ಆರೂಕಾಲಿಗೆ ತಲುಪಿದ್ವಿ. ಬಿದಿರು ಮೆಳೆ, ಹೈಕೋರ್ಟಿನ ಕೆಂಪು ಗೋಡೆ, ಸೈಕಲ್ ಕಲೀತಿರೋ ಮಕ್ಕಳು, ಕುಣೀತಿರೋ ನಾಯಿಗಳು. ಅಮ್ಮ ಈ ಸಲ ಕೂರಲಿಲ್ಲ. "ನೀನು ಓಡು, ನಾನು ನಡೀತೀನಿ" ಅಂದ್ರು.

ನಾನು ಸುತ್ತು ಹಾಕ್ಕೊಂಡು ಬಂದಾಗೆಲ್ಲ ಅಮ್ಮನ ಪಕ್ಕ ಸ್ವಲ್ಪ ದೂರ ನಡೀತಿದ್ದೆ. ಮೂರನೇ ಸಲ ಬಂದಾಗ ಮಾತಾಡಿಸಿದೆ. ಉತ್ತರ ತುಂಡು ತುಂಡಾಗಿ ಬಂತು. ಸಮತಟ್ಟು ರಸ್ತೆ, ಅವರು ಸುಮ್ಮನೆ ನಡೀತಿದ್ದಾರೆ ಅಷ್ಟೇ. ಟಾಕ್ ಟೆಸ್ಟ್ ನನಗೆ ಮಾತ್ರ ಅನ್ಕೊಂಡಿದ್ದೆ. "ಅಮ್ಮ, ಯಾವಾಗಲೂ ಹೀಗೇನಾ?" ಅಂತ ಕೇಳಿದೆ. "ವಯಸ್ಸಾಯ್ತಲ್ಲ ಮಗ." ಅವರಿಗೆ 54. ಬಿಪಿ ಯಾವಾಗ ನೋಡಿಸಿದ್ದು ಅಂತ ಕೇಳಿದ್ರೆ ನೆನಪೇ ಇಲ್ಲ. ಸಕ್ಕರೆ ಪರೀಕ್ಷೆ, ಕೊಲೆಸ್ಟ್ರಾಲ್ ಪರೀಕ್ಷೆ ಮಾಡಿಸಿದ್ದೇ ಇಲ್ಲ. ನನ್ನ ಹೃದಯದ ಬಗ್ಗೆ ಆರು ವರ್ಷದಿಂದ ನಿದ್ದೆಗೆಟ್ಟವರು ತಮ್ಮದನ್ನ ಒಂದು ದಿನ ತೋರಿಸಿಲ್ಲ.

ಓಟ ಅಲ್ಲಿಗೇ ನಿಲ್ಲಿಸಿ ಬೆಂಚ್ ಮೇಲೆ ಕೂತ್ವಿ. ಡಾಕ್ಟ್ರು ನನಗೆ ಹೇಳಿದ್ದನ್ನ ಅವರಿಗೆ ಹೇಳಿದೆ, ನಿಮಗೂ ಹೇಳ್ತೀನಿ. ಅಪ್ಪ ಅಥವಾ ಅಣ್ಣತಮ್ಮಂದಿರಿಗೆ 55ಕ್ಕೆ ಮೊದಲು, ಅಮ್ಮ ಅಥವಾ ಅಕ್ಕತಂಗಿಯರಿಗೆ 65ಕ್ಕೆ ಮೊದಲು ಹೃದಯದ ಕಾಯಿಲೆ ಬಂದಿದ್ರೆ ಅದನ್ನ ಕುಟುಂಬದ ಹಿನ್ನೆಲೆ ಅಂತ ವೈದ್ಯರು ಪರಿಗಣಿಸ್ತಾರೆ. ಅಂಥೋರು, ಸಿಗರೇಟ್ ಸೇದೋರು, ಬಿಪಿ, ಶುಗರ್ ಇರೋರು ಓಡೋಕೆ ಶುರು ಮಾಡೋ ಮೊದಲು ಒಮ್ಮೆ ವೈದ್ಯರನ್ನ ನೋಡಬೇಕು. ಶ್ರಮ ಪಟ್ಟಾಗ ಎದೆ ಬಿಗಿಯೋದು, ನೋವು ದವಡೆಗೆ ಅಥವಾ ತೋಳಿಗೆ ಹರಡೋದು, ತಲೆ ಸುತ್ತಿ ಬೀಳೋದು, ಕಾರಣ ಇಲ್ಲದೆ ಏದುಸಿರು, ಎದೆ ಬಡಿತ ಲಯ ತಪ್ಪಿದ ಹಾಗೆ ಅನಿಸೋದು, ಇವುಗಳಲ್ಲಿ ಯಾವುದಾದ್ರೂ ಆದ್ರೆ ಅಲ್ಲೇ ನಿಲ್ಲಿಸಿ. ಗ್ಯಾಸ್ಟ್ರಿಕ್ ಇರಬೇಕು ಅಂತ ಸೋಡಾ ಕುಡಿದು ಮಲಗಬೇಡಿ. ನಮ್ಮಪ್ಪ ಮಾಡಿದ್ದು ಅದನ್ನೇ.

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮೇಲೆ, "ಆವತ್ತು ಸೋಡಾ ತಂದುಕೊಟ್ಟಿದ್ದು ನಾನೇ ಕಣವ್ವ" ಅಂದ್ರು. ಆರು ವರ್ಷದಲ್ಲಿ ಮೊದಲ ಸಲ.

ನನಗೆ ಏನು ಹೇಳಬೇಕು ಅಂತ ಗೊತ್ತಾಗಲಿಲ್ಲ. ಗೊತ್ತಿಲ್ಲದೆ ಮಾಡಿದ್ದು ಅಮ್ಮ, ಅಂದೆ. ಯಾರಾದ್ರೂ ಅದನ್ನೇ ಹೇಳ್ತಾರೆ. ಒಂದು ನಾಯಿ ಬಂದು ಅಮ್ಮನ ಸೆರಗು ಮೂಸಿತು, ಅಮ್ಮ ಹಚಾ ಅಂದ್ರು, ಅದು ಹೋಗಲಿಲ್ಲ. ಇಬ್ಬರೂ ನಕ್ಕು ಎದ್ವಿ.

ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ, ನ್ಯಾಷನಲ್ ಕಾಲೇಜ್ ಸ್ಟೇಷನ್ನಲ್ಲಿ ಇಳಿದು ವಿದ್ಯಾರ್ಥಿ ಭವನಕ್ಕೆ ನಡೆದ್ವಿ, ನಿಧಾನವಾಗಿ. ಭಾನುವಾರ ಅಂದ್ರೆ ಗೊತ್ತಲ್ಲ, ಹೊರಗೆ ದೊಡ್ಡ ಗುಂಪು. ಮುಕ್ಕಾಲು ಗಂಟೆ ಕಾದ್ವಿ. ಒಳಗೆ ಗೋಡೆ ಮೇಲೆ ಸಾಹಿತಿಗಳ ಚಿತ್ರ. ಸಪ್ಲೈಯರ್ ಒಂದೇ ಕೈ ಮೇಲೆ ದೋಸೆ ತಟ್ಟೆಗಳನ್ನ ಒಂದರ ಮೇಲೊಂದು ಜೋಡಿಸ್ಕೊಂಡು ಬರೋದನ್ನ ಅಮ್ಮ ಬಿಟ್ಟ ಕಣ್ಣು ಬಿಟ್ಟ ಹಾಗೇ ನೋಡಿದ್ರು. "ಆಗಲೂ ಹಿಂಗೇ ತರ್ತಿದ್ರು." ದಪ್ಪ, ಹೊರಗೆ ಗರಿಗರಿ, ಒಳಗೆ ಮೆತ್ತಗೆ, ತೆಳ್ಳನೆ ಚಟ್ನಿ. ಸಾಂಬಾರ್ ಕೇಳಬೇಡಿ, ಕೊಡಲ್ಲ.

ನಾನು ಎರಡು ತಿಂದೆ. ಯಾವ ಆ್ಯಪಿಗೂ ಹೇಳಲಿಲ್ಲ.

ಹಾಗಾದ್ರೆ ಎಷ್ಟು ಓಡಬೇಕು, ಎಷ್ಟು ತಿನ್ನಬೇಕು ಅಂತ ಕೇಳ್ತೀರಿ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳೋದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಅಂದ್ರೆ ಚುರುಕಾದ ನಡಿಗೆ. ಅಥವಾ 75ರಿಂದ 150 ನಿಮಿಷ ಜೋರು ಶ್ರಮ. ಹೊಸಬರು ಎರಡು ನಿಮಿಷ ನಡೆದು ಒಂದು ನಿಮಿಷ ಓಡಿ, ಹೀಗೆ ಇಪ್ಪತ್ತು ನಿಮಿಷ, ವಾರಕ್ಕೆ ಮೂರು ದಿನ. ಬೋರ್ ಅನಿಸುತ್ತೆ. ಬೋರ್ ಅನಿಸಿದ್ರೆ ಸರಿಯಾಗಿ ಮಾಡ್ತಿದ್ದೀರಿ ಅಂತಲೇ ಅರ್ಥ. ಊಟದ ವಿಷಯದಲ್ಲಿ ನನ್ನ ನಿಯಮ ಒಂದೇ: ಹೊರಗಿನ ತಿಂಡಿ ವಾರಕ್ಕೆ ಎರಡು ಸಲ, ಇಷ್ಟಪಟ್ಟು. ಉಳಿದ ದಿನ ಮನೆಯದು. ಇದು ನನ್ನದು, ನಿಮ್ಮದು ಬೇರೆ ಇರಬಹುದು.

ಭಾನುವಾರ ಸಂಜೆ ಅಮ್ಮನ್ನ ಬಸ್ ಹತ್ತಿಸಿದೆ. ಖಾಲಿ ಚೀಲದಲ್ಲಿ ನನ್ನ ಹಳೇ ಶೂ ಇತ್ತು, ಇಬ್ಬರ ಕಾಲೂ ಒಂದೇ ಸೈಜು. ಊರಿಗೆ ಹೋದ ತಕ್ಷಣ ಪರೀಕ್ಷೆ ಮಾಡಿಸ್ತೀನಿ ಅಂತ ಮಾತು ಕೊಟ್ಟು ಹೋದ್ರು. ಎರಡು ವಾರ ಸುದ್ದಿ ಇಲ್ಲ. ಕೇಳಿದಾಗೆಲ್ಲ "ನಾಳೆ" ಅಂತ ಉತ್ತರ.

ಈ ಎಪಿಸೋಡ್ ರೆಕಾರ್ಡ್ ಮಾಡೋಕೆ ಕೂರೋ ಹಿಂದಿನ ದಿನ ಫೋನ್ ಬಂತು. ಕೆರೆ ಏರಿ ಮೇಲೆ ನಡೀತಾ ಮಾತಾಡ್ತಿದ್ರು, ಗಾಳಿ ಸದ್ದು ಕೇಳ್ತಿತ್ತು. ಬಿಪಿ ಜಾಸ್ತಿ ಇದೆಯಂತೆ, ಮಾತ್ರೆ ಶುರು ಮಾಡಿ ಹತ್ತು ದಿನ ಆಯ್ತಂತೆ. ಇಸಿಜಿ ಸರಿ ಇದೆಯಂತೆ. ರಕ್ತದ ರಿಪೋರ್ಟ್ ಇನ್ನೂ ತೋರಿಸಬೇಕು. "ಹತ್ತು ದಿನದಿಂದ ಯಾಕಮ್ಮ ಹೇಳಲಿಲ್ಲ?" ಅಂದೆ.

"ನೀನು ಎರಡು ವರ್ಷ ಹೇಳಿರಲಿಲ್ವಲ್ಲ" ಅಂದ್ರು. ಆಮೇಲೆ, "ತಡಿ, ಏರಿ ಹತ್ತುತಾ ಇದೀನಿ, ಉಸಿರು ಕಟ್ತದೆ, ಮೇಲೆ ಹೋಗಿ ಮಾಡ್ತೀನಿ" ಅಂತ ಫೋನಿಟ್ಟರು.

ಹತ್ತು ನಿಮಿಷಕ್ಕೆ ಮತ್ತೆ ಮಾಡಿದ್ರು. ರಕ್ತದ ರಿಪೋರ್ಟ್ ಬಂದಿದೆಯಂತೆ, ವಾಟ್ಸಾಪಿನಲ್ಲಿ ಫೋಟೋ ಕಳಿಸಿದಾರೆ. ಫೋಟೋ ತಲೆಕೆಳಗಾಗಿದೆ, ಅರ್ಧ ಹೆಬ್ಬೆರಳು ಬಂದಿದೆ. ಸೋಮವಾರ ರಜೆ ಹಾಕಿದೀನಿ, ಹೋಗಿ ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ತೀನಿ. ಬರೋವಾಗ ಹುರುಳಿಕಾಳು ತರ್ತೀನಿ, ತಂದಿದ್ದು ಮುಗೀತು.

ಮುಂದಿನ ವಾರ ಸಿಗೋಣ. ನಮಸ್ಕಾರ.